ಅಂಗಾಲಿಗೆ ಕೇಳುವ ಮನೆ

ಕಿರಂಗೂರಿನ ಕೃಷ್ಣಮೂರ್ತಿ ಸಾಮಿಲ್ಲಿನ ಕೆಲಸ ಬಿಟ್ಟು ಬಂದ ದಿನ ಹೆಂಡತಿ ಮಾಯಮ್ಮನಿಗೆ ಹೇಳಿದ್ದು ಇಷ್ಟೇ.

"ಸೊಂಟ ನೋವು ಕಣಮ್ಮಿ. ಇನ್ನು ಮರ ಎತ್ತಕ್ಕಾಗಲ್ಲ. ಇಪ್ಪತ್ತೈದು ವರ್ಸ ಊರೋರ ಬಾಗ್ಲೆಲ್ಲ ಮಾಡ್ಕೊಟ್ಟೆ, ನಮ್ಮನೆ ಬಾಗ್ಲು ಇನ್ನೂ ಕಿರ್ ಅಂತದೆ. ವಸಿ ದಿನ ನಮ್ಮನೇನೇ ನೋಡ್ಕತೀನಿ."

ಬಾಗಿಲಿನ ಕೀಲುಗಳಿಗೆ ಮಾಯಮ್ಮ ಹೋದ ವರ್ಷವೇ ಎಣ್ಣೆ ಬಿಟ್ಟಿದ್ದಳು. ಅದು ಕಿರ್ ಅನ್ನುವುದು ನಿಂತು ಎಷ್ಟೋ ದಿನವಾಗಿತ್ತು. ಈಗ ಅದನ್ನು ಎತ್ತಿ ಆಡಿದರೆ ಗಂಡ ಸಿಡುಕಿಯಾನೆಂದು ಸುಮ್ಮನಾದಳು. ಈ ಎರಡು ವರ್ಷದಿಂದ ಅವನು ಹಾಗೇ ಆಗಿದ್ದ. ಕೂಗಿದರೆ ಓಗೊಡುತ್ತಿರಲಿಲ್ಲ. ಫೋನು ಹೊಡೆದುಕೊಳ್ಳುತ್ತಿದ್ದರೂ ಎತ್ತುತ್ತಿರಲಿಲ್ಲ. ನಾಲ್ಕು ಜನ ಸೇರಿ ಮಾತಾಡುವಾಗ ಎದ್ದು ಹೋಗಿಬಿಡುತ್ತಿದ್ದ. ವಯಸ್ಸಾಗ್ತಾ ಗಂಡಸರು ಹಿಂಗೇ ಏನೋ ಅಂತ ಅವಳು ಸಮಾಧಾನ ಮಾಡಿಕೊಂಡಿದ್ದಳು. ಆದರೆ ಒಬ್ಬಳೇ ಹಿಟ್ಟು ಕಲೆಸುವಾಗ ಅದೇ ಯೋಚನೆ ಬರುತ್ತಿತ್ತು. ನನ್ನ ಮೇಲೆ ಬೇಸರ ಬಂದಿರಬೇಕು ಅನ್ನಿಸುತ್ತಿತ್ತು.

ಕೆಲಸದಲ್ಲಿ ಮಾತ್ರ ಕೃಷ್ಣಮೂರ್ತಿಗೆ ಹೆಸರಿಡುವಂತಿರಲಿಲ್ಲ. ಆಚಾರಿಗಳ ಮನೆತನ. ತಾತನ ಕಾಲದಿಂದ ಮರದ ಕೆಲಸ. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುತ್ತಿರಲಿಲ್ಲ, ಬೇಸಿಗೆಯಲ್ಲೂ ಸಂದು ಬಿಡುತ್ತಿರಲಿಲ್ಲ. ಮನೆಯಲ್ಲಿ ಕೂತ ಮೂರು ತಿಂಗಳಲ್ಲಿ ಅವನು ಮುಂಬಾಗಿಲು ಬದಲಿಸಿದ, ಹಿತ್ತಿಲ ಕಡೆ ಶೀಟು ಇಳಿಸಿ ಕೆಲಸದ ಜಾಗ ಮಾಡಿಕೊಂಡ, ಅಡುಗೆಮನೆಗೆ ಹೆಂಡತಿಯ ಎತ್ತರಕ್ಕೆ ಸರಿಯಾಗಿ ಒಂದು ಉದ್ದನೆ ಮೇಜು ಮಾಡಿಕೊಟ್ಟ. ಆ ಮೇಜಿನ ಮುಂದೆ ಮೊದಲ ಸಲ ನಿಂತು ಹಿಟ್ಟು ನಾದಿದಾಗ ಮಾಯಮ್ಮನಿಗೆ ಬೆನ್ನು ಬಗ್ಗಿಸಬೇಕಾಗಲೇ ಇಲ್ಲ. ಅಳತೆ ಯಾವಾಗ ತಗೊಂಡಿರಿ ಅಂತ ಕೇಳಿದಳು. ಅವನು ಉತ್ತರ ಕೊಡಲಿಲ್ಲ. ಅವನು ಆಗ ಬೇರೆ ಕಡೆ ತಿರುಗಿ ನಿಂತಿದ್ದ.

ಮಾಯಮ್ಮ ಶ್ರೀರಂಗಪಟ್ಟಣದ ಒಂದು ಬೇಕರಿಯಲ್ಲಿ ಒಂಬತ್ತು ವರ್ಷ ಪ್ಯಾಕಿಂಗ್ ಕೆಲಸ ಮಾಡಿದವಳು. ಬನ್ನು, ರಸ್ಕು ಕವರಿಗೆ ತುಂಬುತ್ತಲೇ ಕಣ್ಣನ್ನು ಓವನ್ನಿನ ಕಡೆ ಇಟ್ಟಿದ್ದಳು. ಬೇಕರಿ ಮುಚ್ಚಿದಾಗ ಅವರ ಹಳೇ ಗ್ಯಾಸಿನ ಓವನ್ನನ್ನು ಮನೆಗೆ ತಂದು, ಹಬ್ಬ ಹರಿದಿನಕ್ಕೆ ಖಾರದ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ಹೊಸ ವರ್ಷಕ್ಕೆ ಕೇಕು ಮಾಡಿ ಕೊಡತೊಡಗಿದಳು. ನಮ್ಮ ಕಡೆ ಡಿಸೆಂಬರ್ ಮೂವತ್ತೊಂದು ಬಂತೆಂದರೆ ಕೇಕು ಕೊಯ್ಯದ ಮನೆಯೇ ಇಲ್ಲ. ಕಬ್ಬು ಕಡಿಯೋರಿಂದ ಬ್ಯಾಂಕಿನೋರ ತನಕ ಎಲ್ಲರಿಗೂ ಮೇಲೆ ಹೆಸರು ಬರೆದ ಒಂದು ಕೇಕು ಬೇಕು. ಆ ಓವನ್ನಿನಲ್ಲಿ ಬೆಂಕಿ ತಾನಾಗಿ ಆರುವ ಏರ್ಪಾಡಿರಲಿಲ್ಲ. ಅದಕ್ಕೇ ಪಕ್ಕದ ಗೂಡಿನಲ್ಲಿ ಒಂದು ಅಲಾರಂ ಗಡಿಯಾರ. ಅದು ಟ್ರಿಣಟ್ರಿಣ ಅಂತ ಬೀದಿಗೆ ಕೇಳುವ ಹಾಗೆ ಹೊಡೆದುಕೊಳ್ಳುತ್ತಿತ್ತು.

ಮನೆಯಲ್ಲಿ ಮೂರನೆಯದಾಗಿ ಇದ್ದದ್ದು ರಸ್ಕು. ಶ್ರಾವಣದಲ್ಲಿ ಎಲ್ಲಿಂದಲೋ ಬಂದ ಬೂದು ಬಣ್ಣದ ಬೀದಿ ನಾಯಿ. ಬಂದ ದಿನವೇ ಒಂದು ಪೊಟ್ಟಣ ರಸ್ಕು ಕದ್ದು ತಿಂದಿದ್ದರಿಂದ ಆ ಹೆಸರು. ಕೇಕಿನ ತಲೆ ಮಟ್ಟ ಮಾಡುವಾಗ ಉದುರಿದ ಚೂರನ್ನು ಮಾಯಮ್ಮ ಅದಕ್ಕೆ ಹಾಕುತ್ತಿದ್ದಳು. ಕೃಷ್ಣಮೂರ್ತಿಗೆ ಮಾತ್ರ ಅದನ್ನು ಕಂಡರಾಗದು. ಅವನ ಉಳಿಯ ಹಿಡಿಯನ್ನು ಅದು ಕಡಿದು ಹಾಕಿತ್ತು.

ಹೋದ ಡಿಸೆಂಬರ್ ಮೂವತ್ತರ ಬೆಳಿಗ್ಗೆ ಹನ್ನೆರಡು ಕೇಕನ್ನು ಓವನ್ನಿಗೆ ಇಟ್ಟು ಮಾಯಮ್ಮ ಪಟ್ಟಣಕ್ಕೆ ಹೊರಟಳು. ಡಬ್ಬಿ ಸಾಲದೆ ಬಂದಿದ್ದವು, ಕ್ರೀಮೂ ತರಬೇಕಿತ್ತು. ಗಂಡನ ಎದುರು ನಿಂತು ಗಡಿಯಾರ ತೋರಿಸಿ, "ಇದು ಹೊಡೆದ ತಕ್ಷಣ ಗ್ಯಾಸ್ ಆರ್ಸಿ, ಓವನ್ ಬಾಗ್ಲು ತೆಗೀರಿ, ಅಷ್ಟೇಯ," ಅಂದಳು. ಅವನು ತಲೆಯಾಡಿಸಿದ. ಆಗಾಗ ಎದ್ದು ಬಂದು ಗಡಿಯಾರ ನೋಡಿದರಾಯಿತು ಅಂದುಕೊಂಡ. ಮೊದಲ ಇಪ್ಪತ್ತು ನಿಮಿಷ ಹಾಗೇ ಮಾಡಿದ ಕೂಡ. ಆಮೇಲೆ ಹಿತ್ತಿಲಲ್ಲಿ ಒಂದು ಹೊನ್ನೆ ಹಲಗೆಗೆ ತೋಪಡ ಹಾಕಿ ನುಣುಪು ಮಾಡುತ್ತಾ ಕೂತವನಿಗೆ ಮರದ ಎಳೆ ಬಿಚ್ಚಿಕೊಳ್ಳುತ್ತಾ ಹೋದ ಚಂದದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮರದ ಪುಡಿಗೆಂದು ಮೂಗಿಗೆ ಟವಲು ಕಟ್ಟಿಕೊಂಡಿದ್ದ.

ರಸ್ಕು ಒಳಗಿನಿಂದ ಓಡಿ ಬಂತು. ಅವನ ಮಂಡಿಗೆ ಮೂತಿ ತಿವಿಯಿತು. ಅವನು ತಳ್ಳಿದ. ಮತ್ತೆ ಬಂತು, ಪಂಚೆ ಹಿಡಿದು ಎಳೆಯಿತು.

"ಥೂ, ಓಗತ್ಲಾಗೆ! ಆಟ ಆಡೋ ಒತ್ತಾ ಇದು?"

ಅದು ಒಳಕ್ಕೆ ಓಡಿ ಮತ್ತೆ ಹೊರಕ್ಕೆ ಬಂದು ಬೊಗಳತೊಡಗಿತು. ಕೃಷ್ಣಮೂರ್ತಿ ಸಿಟ್ಟಿನಿಂದ ಎದ್ದು ಅದನ್ನು ಸೀಬೆ ಮರಕ್ಕೆ ಕಟ್ಟಿ ಬಂದು ಕೂತ.

ಪಕ್ಕದ ಮನೆ ಪುಟ್ಟಗೌರಮ್ಮ ಗೋಡೆಯಾಚೆಯಿಂದ ಹೊಗೆ ಕಂಡು ಕೂಗಿದರು. ಅದೂ ಕೇಳಲಿಲ್ಲ. ಕೊನೆಗೆ ಅವರೇ ಓಡಿ ಬಂದು ಅವನ ಭುಜ ಹಿಡಿದು ಅಲ್ಲಾಡಿಸಿದಾಗ ಅಡುಗೆಮನೆ ಕಿಟಕಿಯಿಂದ ಕಪ್ಪು ಹೊಗೆ ಸುರುಳಿಯಾಗಿ ಬರುತ್ತಿತ್ತು. ಅದೇ ಹೊತ್ತಿಗೆ ಮಾಯಮ್ಮನೂ ಎರಡು ಕೈಯಲ್ಲಿ ಡಬ್ಬಿ ಹಿಡಿದು ಆಟೋ ಇಳಿದಳು.

ಹನ್ನೆರಡೂ ಇದ್ದಿಲಾಗಿದ್ದವು. ಪುಟ್ಟಗೌರಮ್ಮ, "ಅಷ್ಟೊಂದು ಗಂಟೆ ಹೊಡ್ಕತಿತ್ತಲ್ಲಪ್ಪ, ನಂಗೇ ಕೇಳ್ತು," ಅನ್ನುತ್ತಾ ಹೋದರು. ಮಾಯಮ್ಮ ಗಂಡನ ಮುಖ ನೋಡಿದಳು. ಬೈಯಬೇಕೆಂದು ಬಾಯಿ ತೆರೆದವಳು ಅವನ ಕಣ್ಣು ಕಂಡು ನಿಂತಳು. ಅವನು ಹಿತ್ತಿಲಿಗೆ ಹೋಗಿ, ಕಟ್ಟಿದ್ದ ನಾಯಿಯ ಹಗ್ಗ ಬಿಚ್ಚಿ, ಅಲ್ಲೇ ಮರದ ಬುಡದಲ್ಲಿ ಕೂತುಬಿಟ್ಟ. ಅವಳು ಹೋಗಿ ಎದುರು ಕೂತಳು.

"ಇದು ಕರೀತಿತ್ತು ಕಣಮ್ಮಿ," ಅಂದ, ನಾಯಿಯ ತಲೆ ಮೇಲೆ ಕೈಯಿಟ್ಟು. "ಮೂರು ಸಲ ಕರೀತು. ನಾನೇ ಕಟ್ಟಾಕ್ಬುಟ್ಟೆ. ನಂಗೆ ಗಂಟೆ ಕೇಳ್ನಿಲ್ಲ. ಗಂಟೆ ಒಂದೇ ಅಲ್ಲ, ಯಾವ್ದೂ ಸರಿಯಾಗಿ ಕೇಳಲ್ಲ. ಸೊಂಟ ನೋವು ಅಂದಿದ್ದು ಸುಳ್ಳು. ಮಿಲ್ಲಲ್ಲಿ ಅವ್ರೇಳಿದ್ ಅಳತೆ ಒಂದು, ನಾ ಕೇಳಿಸ್ಕೊಂಡಿದ್ದು ಇನ್ನೊಂದು. ಎರಡು ದೊಡ್ಡ ತುಂಡು ಕುಯ್ದು ಹಾಳ್ಮಾಡ್ದೆ. ಎಲ್ರೂ ನಗ್ತಾರೆ ಅಂತ ಬಿಟ್ ಬಂದೆ."

ಮಾಯಮ್ಮ ಅಳತೊಡಗಿದಳು. ಕೃಷ್ಣಮೂರ್ತಿ ಕೇಕಿಗಾಗಿ ಅಂದುಕೊಂಡು, "ಈಗ್ಲೇ ಮತ್ತೆ ಕಲ್ಸು, ನಾ ಓವನ್ ಮುಂದೇನೇ ಕೂತಿರ್ತೀನಿ," ಅಂದ.

"ಕೇಕು ಆಳಾಗೋಗ್ಲಿ," ಅಂದಳು ಅವನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ. "ಎರಡು ವರ್ಸದಿಂದ ನಾ ಕೂಗ್ದಾಗೆಲ್ಲ ನೀವು ತಿರ್ಗೂ ನೋಡ್ತಿರ್ನಿಲ್ಲ. ನಾ ಬ್ಯಾಡ್ವಾಗಿದ್ದೀನಿ ಅಂದ್ಕೊಂಡಿದ್ದೆ ಕಣ್ರೀ. ನಿಮ್ಗೆ ಕೇಳ್ತಿರ್ನಿಲ್ಲ ಅಷ್ಟೇಯ?"

ಅವನಿಗೆ ಇದು ಹೊಳೆದೇ ಇರಲಿಲ್ಲ. ತನ್ನ ಅವಮಾನವೊಂದನ್ನೇ ಮುಚ್ಚಿಟ್ಟುಕೊಂಡು ತಿರುಗಿದವನಿಗೆ, ಅದರ ಭಾರ ಇನ್ನೊಬ್ಬಳ ತಲೆಯ ಮೇಲೆ ಬಿದ್ದಿರಬಹುದೆಂದು ತೋಚಿರಲಿಲ್ಲ. "ಅಷ್ಟೇಯ ಕಣಮ್ಮಿ," ಅಂದ. ಮಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

ಅವತ್ತು ಸಂಜೆಯೊಳಗೆ ಹನ್ನೆರಡು ಕೇಕು ಮತ್ತೆ ಬೆಂದವು. ಕೃಷ್ಣಮೂರ್ತಿ ಓವನ್ನಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ರಸ್ಕು ಕೂತಿತ್ತು. ಅಲಾರಂ ಹೊಡೆದಾಗ ಮಾಯಮ್ಮ ಬೇಕೆಂದೇ ಏನೂ ಹೇಳದೆ ನಿಂತಳು. ನಾಯಿ ಕಿವಿ ನಿಮಿರಿಸಿ ಎದ್ದು ಅವನ ಮಂಡಿಗೆ ಮೂತಿ ಒತ್ತಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜನವರಿಯಲ್ಲಿ ಇಬ್ಬರೂ ಪಾಂಡವಪುರ, ನಾಗಮಂಗಲ ದಾಟಿ ಬೆಳ್ಳೂರಿನ ಕಡೆಯ ಆಸ್ಪತ್ರೆಗೆ ಹೋದರು. ಡಾಕ್ಟರು ನಿಧಾನವಾಗಿ ಪರೀಕ್ಷೆ ಮಾಡಿ, ಮಿಷನ್ನಿನ ಸದ್ದಿಗೆ ಕಿವಿಯ ನರ ಸೋತಿದೆ, ಹೋದದ್ದು ಬರುವುದಿಲ್ಲ, ಎಡಗಿವಿಗೆ ಯಂತ್ರ ಹಾಕಿದರೆ ಎದುರಿನ ಮಾತು ಅಷ್ಟಿಷ್ಟು ಕೇಳಿಸುತ್ತದೆ ಅಂದರು. ಯಂತ್ರ ಹಾಕಿಕೊಂಡು ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಮಾಯಮ್ಮ ಏನೋ ಅಂದಳು. ಅವನು ತುತ್ತು ನಿಲ್ಲಿಸಿ ಅವಳನ್ನೇ ನೋಡಿದ.

"ನಿನ್ ದನಿ ಇಷ್ಟು ದಪ್ಪ ಇತ್ತಾ?"

"ನೀವ್ ಕಿವುಡ್ರು ಅಂತ ಗೊತ್ತಿಲ್ದೆ ಎರಡು ವರ್ಸ ಕೂಗೀ ಕೂಗೀ ಇಂಗಾಯ್ತು," ಅಂದಳು. ಪಕ್ಕದ ಮೇಜಿನವರು ತಿರುಗಿ ನೋಡುವ ಹಾಗೆ ಇಬ್ಬರೂ ನಕ್ಕರು.

ಆದರೆ ಕೆಲಸಕ್ಕೆ ಆ ಯಂತ್ರ ಒಗ್ಗಲಿಲ್ಲ. ಸುತ್ತಿಗೆ ಏಟು ಬಿದ್ದರೆ ತಲೆಗೇ ಮೊಳೆ ಹೊಡೆದಂತಾಗುತ್ತಿತ್ತು. ಉಳಿ ಹಿಡಿಯುವಾಗ ಅದನ್ನು ತೆಗೆದು ಗೂಡಿನಲ್ಲಿಡಲೇಬೇಕು. ತೆಗೆದರೆ ಮತ್ತೆ ಅದೇ ಮೌನ. ಈ ಸಲ ಕೃಷ್ಣಮೂರ್ತಿ ಮುದುರಿ ಕೂರಲಿಲ್ಲ. ಆಸ್ಪತ್ರೆಯಿಂದ ಬರುವಾಗ ಯಂತ್ರ ತೆಗೆದಿಟ್ಟು ಬಸ್ಸಿನಲ್ಲಿ ಕೂತು ಅವನಿಗೊಂದು ಹೊಳೆದಿತ್ತು. ಇಂಜಿನ್ನಿನ ಗುಡುಗು ಕಿವಿಗೆ ಬೀಳದಿದ್ದರೂ ಅಂಗಾಲಿಗೆ ತಿಳಿಯುತ್ತಿತ್ತು. ಗೇರು ಬದಲಾದದ್ದೂ ತಿಳಿಯುತ್ತಿತ್ತು. ಸಾಮಿಲ್ಲಿನಲ್ಲೂ ಅಷ್ಟೇ. ಗರಗಸ ಗಂಟಿಗೆ ಸಿಕ್ಕಿದ್ದನ್ನು ಅವನು ಎಷ್ಟೋ ಸಲ ಕಾಲಿನಿಂದಲೇ ತಿಳಿದಿದ್ದ.

"ನಮ್ಮನೇಗೆ ಹಲಗೆ ನೆಲ ಹಾಕ್ತೀನಿ," ಅಂದ. "ನೀನು ಅಡುಗೆಮನೇಲಿ ಕಾಲು ಒತ್ತುದ್ರೆ ನಾ ಕೂತಿರೋ ಕಡೆ ಗೊತ್ತಾಗಬೇಕು."

ಕೆ.ಆರ್. ಪೇಟೆಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದಾರೆಂದು ತಿಳಿದು ಅದರ ಅಟ್ಟದ ಹಲಗೆಗಳನ್ನೆಲ್ಲ ಲಗೇಜು ಆಟೋದಲ್ಲಿ ತಂದ. ಹಲಸಿನ ಮರ, ಹೊಗೆ ಹಿಡಿದು ಕಪ್ಪಾಗಿದ್ದವು. ಒಂದೊಂದನ್ನೂ ಉಜ್ಜಿ, ಹುಳ ಕಂಡ ಕಡೆ ಕತ್ತರಿಸಿ, ಕೆಳಭಾಗಕ್ಕೆ ಗೆದ್ದಲಿನ ಔಷಧಿ ಬಳಿದ. ಅಡುಗೆಮನೆಗೂ ಹಿತ್ತಿಲಿನ ಕೆಲಸದ ಜಾಗಕ್ಕೂ ನಡುವೆ ಇದ್ದ ಗೋಡೆಯನ್ನು ನೆಲಮಟ್ಟಕ್ಕೆ ಇಳಿಸಿದ. ಆ ಕಡೆಯಿಂದ ಈ ಕಡೆಗೆ ಒಂದೇ ಉದ್ದಕ್ಕೆ ಹಲಗೆ ಜೋಡಿಸಿದ. ನಡುವೆ ಎಲ್ಲೂ ತುಂಡು ಬರಬಾರದು, ಬಂದರೆ ಕಾಲೊತ್ತಿದ ಅದುರು ಅಲ್ಲೇ ಸತ್ತುಹೋಗುತ್ತದೆ ಅನ್ನುವುದು ಅವನ ಲೆಕ್ಕ. ಎರಡು ಸಲ ಹಾಸಿ ಎರಡು ಸಲವೂ ಕಿತ್ತ. ಮೂರನೆಯ ಸಲ, ಫೆಬ್ರವರಿಯ ಕೊನೆಗೆ, ನೆಲ ಕೂತಿತು. ಇಪ್ಪತ್ತು ದಿನ ಮಾಯಮ್ಮ ಧೂಳಿನಲ್ಲೇ ಅಡುಗೆ ಮಾಡಿದಳು. ಒಂದು ದಿನವೂ ಗೊಣಗಲಿಲ್ಲ. ಮಂಡಿಯೂರಿ, ಕೆನ್ನೆಯನ್ನು ಹಲಗೆಗೆ ತಾಗಿಸಿ, ಕಣ್ಣು ಮುಚ್ಚಿ ಅದುರನ್ನು ಪರೀಕ್ಷಿಸುತ್ತಿದ್ದ ಗಂಡನನ್ನು ಅವಳು ಲಟ್ಟಣಿಗೆ ಹಿಡಿದುಕೊಂಡೇ ನೋಡುತ್ತಾ ನಿಂತುಬಿಡುತ್ತಿದ್ದಳು. ಕಾಲೇಜು ಮೆಟ್ಟಿಲು ಹತ್ತದವನು, ತನ್ನ ಕಿವಿಗೆ ತಾನೇ ಬದಲಿ ಹುಡುಕಿಕೊಂಡನಲ್ಲ ಅನ್ನಿಸುತ್ತಿತ್ತು.

"ಈಗ ಒದಿ," ಅಂದ ಅವನು ಹಿತ್ತಿಲಲ್ಲಿ ಬೆನ್ನು ತಿರುಗಿಸಿ ನಿಂತು.

ಮಾಯಮ್ಮನಿಗೆ ಕಾಲೇ ಏಳಲಿಲ್ಲ. ಗಂಡನ ಮುಂದೆ ಕಾಲು ಅಪ್ಪಳಿಸುವುದೇ? ಮೆಲ್ಲಗೆ ಹೆಬ್ಬೆರಳು ಊರಿದಳು. "ಒದಿಯೇ, ಧೈರ್ಯವಾಗಿ ಒದಿ!" ಅಂತ ಅವನು ಕೂಗಿದ ಮೇಲೆ ಹಿಮ್ಮಡಿ ಎತ್ತಿ ಒಮ್ಮೆ ಕುಟ್ಟಿದಳು. ಅವನು ಥಟ್ಟನೆ ತಿರುಗಿ ನಿಂತು ಅವಳ ಮುಖ ನೋಡಿದ. ಹಿಂದಿನಿಂದ ಕರೆದಾಗ ಅವನು ತಿರುಗಿ ನೋಡಿದ್ದು ಎರಡು ವರ್ಷದಲ್ಲಿ ಅದೇ ಮೊದಲು. ಮಾಯಮ್ಮ ಮತ್ತೆ ಕುಟ್ಟಿದಳು. ಅವನು ಮತ್ತೆ ಬೆನ್ನು ಹಾಕಿದ, ಮತ್ತೆ ತಿರುಗಿದ. ಹೀಗೆ ಎಷ್ಟು ಸಲ ಆಯಿತೋ, ಗೋಡೆಯಾಚೆಯಿಂದ ಪುಟ್ಟಗೌರಮ್ಮ ಬಗ್ಗಿ, "ಏನ್ಲೇ ಮಾಯಿ, ಗಂಡನಿಗೆ ಕಾಲೆತ್ತಿ ಒದಿತಿದ್ದೀಯ!" ಅಂದಾಗಲೇ ನಿಂತದ್ದು. ಒಂದು ಸಲ ಕುಟ್ಟಿದರೆ ಬನ್ನಿ, ಎರಡು ಸಲ ಕುಟ್ಟಿದರೆ ಯಾರೋ ಬಂದಿದ್ದಾರೆ, ಮೂರು ಸಲ ಕುಟ್ಟಿದರೆ ಊಟ ಅಂತ ಆಮೇಲೆ ಗೊತ್ತು ಮಾಡಿಕೊಂಡರು.

ಮಾಯಮ್ಮ ಮನೆಯಲ್ಲಿ ಇಲ್ಲದಾಗ ಏನು ಮಾಡುವುದು ಅನ್ನುವುದು ಉಳಿಯಿತು. ಅದಕ್ಕೆ ರಸ್ಕುವನ್ನೇ ಪಳಗಿಸಬೇಕೆಂದು ಅವಳು ಹಟ ಹಿಡಿದಳು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಫೋನಿನಲ್ಲಿ ನಾಯಿ ಕಲಿಸುವವರ ವಿಡಿಯೋ ನೋಡಿದಳು. ದಿನಕ್ಕೆ ಹತ್ತು ನಿಮಿಷ, ಎರಡು ಹೊತ್ತು. ಅಲಾರಂ ಹೊಡೆಯಬೇಕು, ನಾಯಿ ಹೋಗಿ ಮಂಡಿ ಮುಟ್ಟಬೇಕು, ಆಗ ಕೃಷ್ಣಮೂರ್ತಿಯೇ ತನ್ನ ಕೈಯಾರೆ ಒಂದು ಚೂರು ಕೊಡಬೇಕು.

"ನಾನ್ಯಾಕೆ, ನೀನೇ ಕೊಡು," ಅಂದ ಅವನು.

"ನನ್ನತ್ರ ಬಂದ್ರೆ ಏನು ಬಂತು? ನಿಮ್ಮತ್ರ ಬರಕ್ಕೆ ಕಲೀಬೇಕು ಅಂದ್ರೆ ನೀವೇ ಕೊಡಿ."

ಮೊದಲ ವಾರ ನಾಯಿ ಯಾವ ಗಂಟೆ ಹೊಡೆದುಕೊಂಡರೂ ಓಡಿ ಬಂತು. ಗುಡಿಯ ಗಂಟೆಗೆ, ಐಸ್‌ಕ್ಯಾಂಡಿಯವನ ಗಂಟೆಗೆ, ಕೊನೆಗೆ ಪುಟ್ಟಗೌರಮ್ಮನ ಫೋನಿಗೂ. ಬೇರೆ ಗಂಟೆಗೆ ಚೂರು ಸಿಕ್ಕುವುದಿಲ್ಲವೆಂದು ಅದಕ್ಕೆ ತಿಳಿಯಲು ತಿಂಗಳು ಹಿಡಿಯಿತು. ಆಮೇಲೆ ಇನ್ನೊಂದು ಬುದ್ಧಿ ಕಲಿಯಿತು. ಗಂಟೆಯೇ ಇಲ್ಲದೆ ಬಂದು ಮಂಡಿ ಮುಟ್ಟುವುದು. ಕೃಷ್ಣಮೂರ್ತಿ ಎದ್ದು ಹೋಗಿ ನೋಡಿದರೆ ಓವನ್ನು ತಣ್ಣಗೆ. ಒಂದೇ ಬೆಳಿಗ್ಗೆ ನಾಲ್ಕು ಸಲ ಹಾಗೆ ಎದ್ದು ಕೂತು ಮಾಡಿಸಿತು.

"ನಾವು ಇದನ್ನ ಪಳಗಿಸ್ತಾ ಇದ್ದೀವೋ, ಇದು ನನ್ನ ಪಳಗಿಸ್ತಾ ಇದ್ಯೋ!" ಅಂತ ಅವನು ಗದರಿದ. ಆದರೆ ಹೊಡೆಯಲಿಲ್ಲ. ಮಾಯಮ್ಮ ಯೋಚಿಸಿ ಪಾಠ ಬದಲಿಸಿದಳು. ಚೂರು ಮಂಡಿ ಮುಟ್ಟಿದ್ದಕ್ಕಲ್ಲ. ಅವನನ್ನು ಗಡಿಯಾರದ ತನಕ ಕರೆದುಕೊಂಡು ಹೋಗಬೇಕು, ಗಡಿಯಾರ ಹೊಡೆಯುತ್ತಿರಬೇಕು, ಅಲ್ಲೇ ಚೂರು. ಸುಳ್ಳು ಕರೆಗೆ ಕೃಷ್ಣಮೂರ್ತಿ ಖಾಲಿ ಕೈ ತೋರಿಸಿ ವಾಪಸು ಬರುತ್ತಿದ್ದ. ನಾಯಿ ಅವನ ಕೈಯನ್ನೂ ಗಡಿಯಾರವನ್ನೂ ನೋಡಿ ನಿಟ್ಟುಸಿರು ಬಿಟ್ಟು ಮಲಗುತ್ತಿತ್ತು. ಬೇಸಿಗೆ ಕಳೆಯಿತು, ಮುಂಗಾರು ಬಂತು. ಯಾವಾಗಿನಿಂದಲೋ ಏನೋ, ಕೃಷ್ಣಮೂರ್ತಿ ಸಂಜೆ ಚಾನೆಲ್ ಕಾಲುವೆಯ ಏರಿ ಮೇಲೆ ನಡೆಯಲು ಹೋಗುವಾಗ ಅದನ್ನು ಜೊತೆಗೆ ಕರೆದೊಯ್ಯತೊಡಗಿದ. ಹಿಂದಿನಿಂದ ಗಾಡಿ ಬಂದರೆ ಅದು ಅವನ ಕಾಲಿಗೆ ಒತ್ತಿಕೊಳ್ಳುತ್ತಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ.

ಗೌರಿ ಹಬ್ಬಕ್ಕೆ ಮೂರು ದಿನ ಇತ್ತು. ಬಾಗಿನದ ಜೊತೆ ಕೊಡಲು ಬೆಣ್ಣೆ ಬಿಸ್ಕತ್ತು ಬೇಕೆಂದು ಪಾಂಡವಪುರದಿಂದಲೂ ಕೇಳಿಕೊಂಡು ಬಂದಿದ್ದರು. ಮಾಯಮ್ಮ ಒಂದು ತಟ್ಟೆ ಓವನ್ನಿಗಿಟ್ಟು ಹೊರಗೆ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಗಂಟೆ ಹೊಡೆಯಿತು. ಸೋಪಿನ ಕೈಯಲ್ಲೇ ಓಡಿ ಬಂದವಳು ಅಡುಗೆಮನೆ ಬಾಗಿಲಲ್ಲಿ ನಿಂತಳು. ರಸ್ಕು ಆಗಲೇ ಹಿತ್ತಿಲು ಸೇರಿತ್ತು. ಮಂಡಿ ಮುಟ್ಟಿತು. ಕೃಷ್ಣಮೂರ್ತಿ ತಲೆಯನ್ನೂ ಎತ್ತದೆ, ಕೈಯಲ್ಲಿದ್ದ ತೋಪಡವನ್ನೂ ಕೆಳಗಿಡದೆ ಎದ್ದ. ನಾಯಿ ಮುಂದೆ, ಅವನು ಹಿಂದೆ. ಗ್ಯಾಸ್ ಆರಿಸಿದ, ಓವನ್ನಿನ ಬಾಗಿಲು ತೆರೆದ, ಬಣ್ಣ ನೋಡಿ ತಲೆದೂಗಿದ, ಗಡಿಯಾರದ ತಲೆ ಮೇಲೆ ಒತ್ತಿ ಗಂಟೆ ನಿಲ್ಲಿಸಿದ, ಜೇಬಿನಿಂದ ಒಂದು ಚೂರು ತೆಗೆದು ಕೊಟ್ಟು, "ಜಾಣ ಕಣ್ಲಾ ನೀನು," ಅಂದು ವಾಪಸು ಹೋಗಿ ಕೂತ. ಹೆಂಡತಿ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಮಾಯಮ್ಮ ಕೈಯ ಸೋಪು ಹಲಗೆಯ ಮೇಲೆ ತೊಟ್ಟಿಕ್ಕುತ್ತಿದ್ದರೂ ಅಲ್ಲೇ ಬಾಗಿಲಿಗೆ ಒರಗಿ, ಅವನ ಬಾಗಿದ ಬೆನ್ನನ್ನೂ ಅದರ ಪಕ್ಕ ಸುರುಳಿ ಸುತ್ತಿ ಮಲಗಿದ ನಾಯಿಯನ್ನೂ ಕಣ್ತುಂಬ ನೋಡಿದಳು.

ಹಬ್ಬ ಕಳೆದ ಮೇಲೆ ಅವಳೇ ಒಂದು ಮಾತು ತೆಗೆದಳು. "ನಮ್ಮನೆ ಕೆಲ್ಸ ಎಲ್ಲ ಮುಗೀತು. ಇನ್ನು ಊರೋರ ಕೆಲ್ಸ ಇಡ್ಕಳಿ."

"ಮತ್ತೆ ಅಳತೆ ತಪ್ಪುದ್ರೆ?"

"ಕೇಳಲ್ಲ ಅಂತ ಮೊದ್ಲೇ ಹೇಳ್ಬುಡಿ. ಅದ್ರಲ್ಲಿ ನಿಮ್ ತಪ್ಪೇನದೆ?"

ದಸರಾ ಮುಗಿಯುತ್ತಿದ್ದಂತೆ ನಾಗಮಂಗಲದ ತಿಮ್ಮರಾಜು ಎಂಬ ಮೇಷ್ಟರು ಹೊಸ ಮನೆಗೆ ಬಾಗಿಲು ಕಿಟಕಿ ಮಾಡಿಕೊಡಿ ಅಂತ ಹೇಳಿಕಳಿಸಿದರು. ಕೃಷ್ಣಮೂರ್ತಿ ಬೆಳಿಗ್ಗೆಯ ಬಸ್ಸಿಗೆ ಹೋದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಗಿಲಾವು ಮಾಡುತ್ತಿದ್ದ ಗಾರೆಯವರೆಲ್ಲ ಸುತ್ತ ಇದ್ದರು. ಎಲ್ಲರ ಮುಂದೆಯೇ ಹೇಳಿದ.

"ಮೇಷ್ಟ್ರೇ, ನಂಗೆ ಕಿವಿ ಸರಿಯಾಗಿ ಕೇಳಲ್ಲ. ಕೈ ಮಾತ್ರ ಚೆನ್ನಾಗದೆ. ಬಾಯಲ್ಲಿ ಅಳತೆ ಹೇಳ್ಬ್ಯಾಡಿ, ಬರ್ದು ತೋರ್ಸಿ."

ಗಾರೆಯವರಲ್ಲಿ ಯಾರೂ ನಗಲಿಲ್ಲ. ಮೇಷ್ಟರು ಅವನ ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲನ್ನು ಕೇಳಿ ತೆಗೆದುಕೊಂಡು, ಒಂದೊಂದು ಕೋಣೆಗೂ ಹೋಗಿ, ಬಾಗಿಲ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಳತೆ ಬರೆದರು. ಕಪ್ಪುಹಲಗೆಯ ಮೇಲೆ ಬರೆದು ರೂಢಿಯಾದ ಕೈ, ಅಕ್ಷರ ಮುತ್ತಿನಂತಿದ್ದವು. ಕೊನೆಗೆ ಅಡುಗೆಮನೆಯ ಗೋಡೆಯ ಮೇಲೆ ಕಿಟಕಿಯ ಅಳತೆ ಬರೆದು, ಅದರ ಕೆಳಗೆ ಇನ್ನೊಂದು ಸಾಲು ಬರೆದು ಪಕ್ಕಕ್ಕೆ ಸರಿದು ನಿಂತರು.

'ಮಧ್ಯಾಹ್ನ ಮುದ್ದೆ, ಉಪ್ಸಾರು. ಎಷ್ಟು ಮುದ್ದೆ ಬೇಕು?'

ಕೃಷ್ಣಮೂರ್ತಿ ಜೋರಾಗಿ ನಕ್ಕು ಎರಡು ಬೆರಳು ಎತ್ತಿದ.

ಆ ಸಂಜೆ ಬಸ್ಸಿಳಿದು ಮನೆಗೆ ಬಂದವನು ಕಾಲು ತೊಳೆಯುವ ಮೊದಲೇ ಮಾತಿಗೆ ಶುರು ಮಾಡಿದ. ಮೇಷ್ಟರ ಮನೆ ಯಾವ ದಿಕ್ಕಿಗಿದೆ, ಮರ ಎಂಥದ್ದು ತಂದಿದ್ದಾರೆ, ಕಿಟಕಿಗೆ ತಾನು ಎಂಥ ಕೆತ್ತನೆ ಯೋಚಿಸಿದ್ದೇನೆ, ಉಪ್ಸಾರಿಗೆ ಖಾರ ಎಷ್ಟು ಹದವಾಗಿತ್ತು. ಮಾಯಮ್ಮ ಎರಡು ಕೈಯಲ್ಲೂ ಮೈದಾ ಮೆತ್ತಿಕೊಂಡು ಅವನ ಎದುರೇ ನಿಂತಿದ್ದಳು. ಹಿಟ್ಟು ಒಣಗುತ್ತಿತ್ತು. ಅವಳು ನಡುವೆ ಒಂದು ಮಾತೂ ಆಡದೆ, ಅವನು ಹೇಳಿದ್ದನ್ನೆಲ್ಲ ಕೇಳಿದಳು.